ಗ್ಯಾರೇಜಿನಲ್ಲಿ ಕಟ್ಟಿದ ವಿಮಾನ ಕೈ ಬದಲಾದಾಗ

ಅಮೆರಿಕದಲ್ಲಿ 2025ರ ಅಕ್ಟೋಬರ್ 22ರಿಂದ ಒಂದು ನಿಯಮ ಬದಲಾಗಿದೆ. ಸ್ಪೋರ್ಟ್ ಪೈಲಟ್ ಲೈಸೆನ್ಸ್ ಇದ್ದವರು ಅಲ್ಲಿಯವರೆಗೆ ಸುಮಾರು 600 ಕೆಜಿ ಒಳಗಿನ, ಎರಡೇ ಸೀಟಿನ ಪುಟ್ಟ ವಿಮಾನಗಳನ್ನು ಮಾತ್ರ ಹಾರಿಸಬಹುದಿತ್ತು. ಈಗ ತೂಕದ ಮಿತಿ ಹೋಗಿದೆ, ಬದಲಿಗೆ ಸ್ಟಾಲ್ ವೇಗ ನೋಡುತ್ತಾರೆ. ಅಂದರೆ ಇನ್ನು ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರಲಾರದು ಅನ್ನುವ ವೇಗ. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಪಟ್ಟಿ) ಇಳಿಸದೆ ಅದು 59 ನಾಟ್, ಅಂದರೆ ಗಂಟೆಗೆ ಸುಮಾರು 109 ಕಿ.ಮೀ. ಒಳಗಿದ್ದರೆ ಸಾಕು. ನಾಲ್ಕು ಸೀಟಿದ್ದರೂ ನಡೆಯುತ್ತದೆ, ಜೊತೆಗೆ ಕೂರಿಸಿಕೊಳ್ಳೋದು ಮಾತ್ರ ಒಬ್ಬರನ್ನೇ. ಈ ಲೈಸೆನ್ಸಿಗೆ ನಿಯಮ ಕೇಳುವ ಕನಿಷ್ಠ ತರಬೇತಿ 20 ಗಂಟೆ. ವೈದ್ಯಕೀಯ ಸರ್ಟಿಫಿಕೇಟಿನ ಬದಲು ಸಾಮಾನ್ಯವಾಗಿ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಸಾಕು. ಈ ಬದಲಾವಣೆಗಳ ಒಟ್ಟು ಹೆಸರು ಮೊಸಾಯಿಕ್. 2025ರ ಜುಲೈನಲ್ಲಿ ಆಶ್‌ಕೋಶ್ ವಿಮಾನ ಮೇಳದಲ್ಲಿ ಇದನ್ನು ಘೋಷಿಸಿದರು. ಕಾರ್ಖಾನೆಯಲ್ಲಿ ತಯಾರಾಗುವ ಹಗುರ ವಿಮಾನಗಳಿಗೆ ಸಂಬಂಧಿಸಿದ ಭಾಗ 2026ರ ಜುಲೈ 24ರಿಂದ ಜಾರಿ.

ಸುದ್ದಿಯಲ್ಲಿ ಬಂದದ್ದೆಲ್ಲ ಕಾರ್ಖಾನೆಗಳ ಲೆಕ್ಕಾಚಾರವೇ. ಯಾವ ಕಂಪನಿ ಯಾವ ಹೊಸ ಮಾದರಿ ತರುತ್ತದೆ, ಬೆಲೆ ಎಷ್ಟಾಗಬಹುದು ಅಂತ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ಅಮೆರಿಕದ ಗ್ಯಾರೇಜುಗಳಲ್ಲಿ, ಹ್ಯಾಂಗರುಗಳಲ್ಲಿ ಜನ ತಾವೇ ಕಟ್ಟಿದ ಸಾವಿರಾರು ವಿಮಾನಗಳಿವೆ. ತೂಕದ ಕಾರಣಕ್ಕೆ ಸ್ಪೋರ್ಟ್ ಪೈಲಟ್‌ಗಳಿಗೆ ಸಿಗದಿದ್ದ ಅವುಗಳಲ್ಲಿ ಎಷ್ಟೋ ಈಗ ಅವರ ಕೈಗೆ ಬರಬಹುದು. ಕಟ್ಟಿದವರಿಗೆ ವಯಸ್ಸಾಗುತ್ತಿದೆ, ವಿಮಾನಗಳು ಮಾರಾಟಕ್ಕೆ ಬರುತ್ತಿವೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಸಂತೆ ಜೋರಾಗುತ್ತದೆ ಅನ್ನೋದು ನನ್ನ ಅಂದಾಜು. ತೊಂದರೆ ಇರೋದು ಅಲ್ಲಿ. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಕಟ್ಟಿದವರ ಮನಸ್ಸಿಗೆ ತೋಚಿದ ನೂರು ಬದಲಾವಣೆಗಳಿರುತ್ತವೆ. ಅವುಗಳಲ್ಲಿ ಕೆಲವು ಕಾಗದದ ಮೇಲಿರುತ್ತವೆ, ಕೆಲವು ಅವರ ತಲೆಯಲ್ಲಿ ಮಾತ್ರ.

ಮೊದಲು ಈ ‘ಮನೆಯಲ್ಲಿ ಕಟ್ಟೋದು’ ಹೇಗೆ ಸಾಧ್ಯ ಅನ್ನೋದನ್ನು ನೋಡೋಣ. ನಮ್ಮ ವಾಟ್ಸಾಪ್‌ಗೆ ಆಗಾಗ ಬರುವ, ಹಳೇ ಬೈಕಿನ ಇಂಜಿನ್ ಹಾಕಿ ಹೊಲದಲ್ಲಿ ಹಾರಿಸಿದ ಹುಡುಗನ ವಿಡಿಯೋ ಇದೆಯಲ್ಲ, ಆ ಥರದ್ದಲ್ಲ ಇದು. ಅಮೆರಿಕದಲ್ಲಿ ಇದಕ್ಕೆ ಎಪ್ಪತ್ತು ವರ್ಷದ ವ್ಯವಸ್ಥೆ ಇದೆ. 1953ರಲ್ಲಿ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಅನ್ನುವವರು ವಿಮಾನ ಕಟ್ಟುವ ಹವ್ಯಾಸಿಗಳ ಇಎಎ ಸಂಘ ಶುರು ಮಾಡಿದರು. ಆಶ್‌ಕೋಶ್ ಮೇಳ ನಡೆಸೋದು ಇದೇ ಸಂಘ. ಕಾನೂನಿನ ಪ್ರಕಾರ ವಿಮಾನದ ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಹವ್ಯಾಸಕ್ಕಾಗಿ, ಕಲಿಕೆಗಾಗಿ ಕಟ್ಟುವವರೇ ಮಾಡಿರಬೇಕು. ಜನ ಇದನ್ನು 51 ಪರ್ಸೆಂಟ್ ರೂಲ್ ಅನ್ನುತ್ತಾರೆ. ಇಂಜಿನ್, ಪ್ರೊಪೆಲ್ಲರ್, ಮೀಟರುಗಳನ್ನು ಕೊಳ್ಳಬಹುದು. ಕಟ್ಟಿ ಮುಗಿಸಿದ ಮೇಲೆ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಅಥವಾ ಅದರ ಪ್ರತಿನಿಧಿ ಬಂದು ನೋಡಿ ‘ಎಕ್ಸ್‌ಪೆರಿಮೆಂಟಲ್’ ಸರ್ಟಿಫಿಕೇಟ್ ಕೊಡುತ್ತಾರೆ. ಆ ಪದವನ್ನು ವಿಮಾನದ ಮೇಲೆ ಬರೆಸಲೇಬೇಕು. ಇದು ಕಾರ್ಖಾನೆ ವಿಮಾನಗಳಿಗೆ ಬೇಕಾದ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿಲ್ಲ ಅಂತ ಹತ್ತುವವರಿಗೆ ತಿಳಿಸುವ ಫಲಕವೂ ಒಳಗಿರಬೇಕು.

ಆ ಅಧಿಕಾರಿ ಬರೋ ಹೊತ್ತಿಗೆ ರೆಕ್ಕೆ ಮುಚ್ಚಿ ಆಗಿರುತ್ತದೆ. ಒಳಗೆ ತಗಡು ಜೋಡಿಸುವ ಸಾವಿರಾರು ರಿವೆಟ್ ಮೊಳೆಗಳನ್ನು ಹೇಗೆ ಬಡಿದಿದ್ದಾರೆ ಅಂತ ಅವರು ಹೊರಗಿಂದ ನೋಡಿ ಹೇಳೋಕಾಗಲ್ಲ. ಕಟ್ಟುವವರು ಇಟ್ಟ ಫೋಟೋ, ಡೈರಿ ನೋಡುತ್ತಾರೆ, ಕಾಗದಪತ್ರ ನೋಡುತ್ತಾರೆ. ಹಾಗಾಗಿ ಕಾನೂನಿನ ಕಣ್ಣಲ್ಲಿ ಈ ವಿಮಾನದ ತಯಾರಕ ಯಾರು ಅಂದರೆ ಅದನ್ನು ಕಟ್ಟಿದ ದಂತವೈದ್ಯ, ಕಟ್ಟಿದ ಮೇಷ್ಟ್ರು, ಕಟ್ಟಿದ ಸಾಫ್ಟ್‌ವೇರ್ ಇಂಜಿನಿಯರ್.

ಇವತ್ತು ಹೆಚ್ಚಿನವರು ಕಟ್ಟೋದು ಕಿಟ್‌ನಿಂದ. ಇದರಲ್ಲಿ ದೊಡ್ಡ ಹೆಸರು ಓರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್. ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ 1970ರ ದಶಕದ ಆರಂಭದಲ್ಲಿ ಶುರು ಮಾಡಿದ ಕಂಪನಿ. ಅವರ ಆರ್‌ವಿ ಮಾದರಿಯ 11,000ಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಅಲ್ಯೂಮಿನಿಯಂ ತಗಡು, ಅದರಲ್ಲಿ ಮೊದಲೇ ಕೊರೆದ ರಂಧ್ರಗಳು, ದಪ್ಪನೆಯ ಕೈಪಿಡಿ, ರಿವೆಟ್ ಚೀಲಗಳು. ಕೆಲಸ ಕಷ್ಟದ್ದು ಅನ್ನೋದಕ್ಕಿಂತ ಮುಗಿಯದ್ದು. ತಗಡನ್ನು ಕ್ಲೀಕೊ ಅನ್ನುವ ತಾತ್ಕಾಲಿಕ ಪಿನ್ನುಗಳಿಂದ ಜೋಡಿಸಬೇಕು, ರಂಧ್ರಗಳನ್ನು ಅಂತಿಮ ಅಳತೆಗೆ ಕೊರೆಯಬೇಕು, ಬಿಚ್ಚಬೇಕು, ಪ್ರತಿ ರಂಧ್ರದ ಅಂಚಿನ ಚೂಪು ತೆಗೆಯಬೇಕು, ರಿವೆಟ್ ತಲೆ ಮಟ್ಟವಾಗಿ ಕೂರುವಂತೆ ಸುತ್ತ ಸಣ್ಣ ಕುಳಿ ಒತ್ತಬೇಕು, ಪ್ರೈಮರ್ ಹೊಡೆಯಬೇಕು, ಮತ್ತೆ ಜೋಡಿಸಬೇಕು, ಆಮೇಲೆ ಒಬ್ಬರು ಆಚೆಯಿಂದ ರಿವೆಟ್ ಗನ್ ಹಿಡಿದರೆ ಇನ್ನೊಬ್ಬರು ಈಚೆಯಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಇದನ್ನು ಹತ್ತು ಸಾವಿರಕ್ಕೂ ಹೆಚ್ಚು ಸಲ. ಸಂಜೆ, ರಜೆ ಹೊಂದಿಸಿಕೊಂಡು ಕೂತರೂ ವರ್ಷಗಟ್ಟಲೆ ಹಿಡಿಯುತ್ತದೆ. ಎಷ್ಟೋ ಜನ ನಡುವೆಯೇ ಬಿಟ್ಟು ಅರ್ಧ ಕಟ್ಟಿದ್ದನ್ನು ಮಾರಿಬಿಡುತ್ತಾರೆ.

ಆ ಕುಳಿ ಒತ್ತುವ ಕೆಲಸವೇ ವ್ಯಾನ್ಸ್ ಕಂಪನಿಯನ್ನು ಮುಳುಗಿಸುವ ಹಂತಕ್ಕೆ ತಂದಿತ್ತು. ಕೋವಿಡ್ ಕಾಲದಲ್ಲಿ ಕಿಟ್‌ಗಳಿಗೆ ಬೇಡಿಕೆ ವಿಪರೀತ ಏರಿತು. ತಮ್ಮ ಯಂತ್ರದಲ್ಲಿ ರಂಧ್ರ ಒತ್ತಿ ಮುಗಿಸೋಕಾಗದೆ ಕೆಲವು ಭಾಗಗಳನ್ನು ಹೊರಗೆ ಲೇಸರ್‌ನಲ್ಲಿ ಕತ್ತರಿಸಿ ತರಿಸಿದರು. ಲೇಸರ್ ರಂಧ್ರದ ಸುತ್ತು ಶುರುವಾಗಿ ಮುಗಿಯುವ ಜಾಗದಲ್ಲಿ ಕಣ್ಣಿಗೆ ಅಷ್ಟಾಗಿ ಕಾಣದ ಒಂದು ಕಚ್ಚು ಉಳಿಯಿತು. ಕುಳಿ ಒತ್ತಿದಾಗ ಅಲ್ಲಿ ಬಿರುಕು ಬಿಡತೊಡಗಿತು. ಕಟ್ಟುತ್ತಿದ್ದ ಜನರೇ ಇದನ್ನು ಗಮನಿಸಿ ಹೇಳಿದರು. ಅಷ್ಟು ಹೊತ್ತಿಗೆ ಆ ತಗಡುಗಳು ಎಷ್ಟೋ ಗ್ಯಾರೇಜು ಸೇರಿದ್ದವು, ಕೆಲವರು ರಿವೆಟ್ ಬಡಿದು ಮುಚ್ಚಿಯೂ ಆಗಿತ್ತು. ಬದಲಿ ಭಾಗ ಕೊಡುವ ಖರ್ಚು, ಅರ್ಧ ಕಟ್ಟಿಕೊಡುವ ಕ್ವಿಕ್ ಬಿಲ್ಡ್ ಕಿಟ್‌ಗಳಲ್ಲಿ ಕಂಡ ತುಕ್ಕಿನ ಸಮಸ್ಯೆ, ಹಳೇ ಬೆಲೆಗೆ ಒಪ್ಪಿಕೊಂಡಿದ್ದ ಆರ್ಡರುಗಳು, ಎಲ್ಲ ಸೇರಿ 2023ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಬೆಲೆ ಏರಿಸಿ, ಹಳೇ ಗ್ರಾಹಕರನ್ನು ಒಪ್ಪಿಸಿ 2024ರಲ್ಲಿ ಹೊರಬಂತು.

ಈ ಕಥೆಯಲ್ಲಿ ನನಗೆ ಸಮಾಧಾನ ತರುವ ಅಂಶ ಒಂದಿದೆ. ತಪ್ಪು ಗೊತ್ತಾಯಿತು. ಸಾವಿರಾರು ಜನ ಒಂದೇ ನಕ್ಷೆಯ ಪ್ರಕಾರ, ಒಂದೇ ಭಾಗಗಳಿಂದ ಕಟ್ಟುತ್ತಿದ್ದರು. ಒಬ್ಬರಿಗೆ ಬಿರುಕು ಕಂಡರೆ ಉಳಿದವರು ಹೋಗಿ ತಮ್ಮದನ್ನು ನೋಡಿಕೊಳ್ಳಬಹುದಿತ್ತು, ಕಂಪನಿ ಪರೀಕ್ಷೆ ಮಾಡಿ ಯಾವುದನ್ನು ಬದಲಿಸಬೇಕು, ಯಾವುದು ಇದ್ದರೂ ನಡೆಯುತ್ತದೆ ಅಂತ ಪಟ್ಟಿ ಕೊಡಬಹುದಿತ್ತು. ನಕ್ಷೆ ಬಿಟ್ಟು ನೀವೇ ಏನೋ ಬದಲಿಸಿದಿರಿ ಅನ್ನಿ, ಆ ಬದಲಾವಣೆಯ ಮಟ್ಟಿಗೆ ನಿಮ್ಮ ವಿಮಾನ ಪ್ರಪಂಚದಲ್ಲಿ ಒಂದೇ ಒಂದು. ಅದರಲ್ಲಿ ದೋಷವಿದ್ದರೆ ಮೊದಲು ಗೊತ್ತಾಗೋದು ನಿಮಗೇ, ಅದೂ ಗಾಳಿಯಲ್ಲಿ.

ಆದರೂ ಜನ ಬದಲಿಸುತ್ತಾರೆ, ಬದಲಿಸೋಕೆಂದೇ ಕಟ್ಟುತ್ತಾರೆ. ಸೆಸ್ನಾದಂಥ ಕಾರ್ಖಾನೆ ವಿಮಾನದಲ್ಲಿ ಏನಾದರೂ ದೊಡ್ಡದನ್ನು ಬದಲಿಸಬೇಕೆಂದರೆ ಎಫ್‌ಎಎ ಒಪ್ಪಿದ ವಿನ್ಯಾಸವೇ ಬೇಕು, ಲೈಸೆನ್ಸ್ ಇರುವ ಮೆಕ್ಯಾನಿಕ್ಕೇ ಬೇಕು. ಎಕ್ಸ್‌ಪೆರಿಮೆಂಟಲ್ ವಿಮಾನಕ್ಕೆ ಇದ್ಯಾವುದೂ ಇಲ್ಲ. ಸ್ಪ್ಯಾನರ್ ಹಿಡಿಯೋಕೆ ಯಾರ ಲೈಸೆನ್ಸೂ ಬೇಡ. ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು, ಕಟ್ಟಿದವರು ರಿಪೇರ್‌ಮನ್ ಸರ್ಟಿಫಿಕೇಟ್ ಪಡೆದು ಅದನ್ನೂ ತಾವೇ ಮಾಡಿಕೊಳ್ಳಬಹುದು. ಕಡಿಮೆ ಬೆಲೆಗೆ ಒಳ್ಳೇ ಡಿಜಿಟಲ್ ಪರದೆಗಳು, ಆಟೋಪೈಲಟ್ ಈ ವಿಮಾನಗಳಿಗೆ ಮೊದಲು ಬಂದದ್ದು ಇದೇ ಸ್ವಾತಂತ್ರ್ಯದಿಂದ. ಇದನ್ನು ಕಿತ್ತುಕೊಳ್ಳಬೇಕು ಅಂತ ನಾನು ಖಂಡಿತ ಹೇಳಲ್ಲ.

ಒಂದು ಮಾತು ಮಾತ್ರ. ಜೆ.ಸಿ. ರೋಡಿಗೆ ಹೋಗಿ ಬುಲೆಟ್ಟಿಗೆ ಬೇರೆ ಸೈಲೆನ್ಸರ್, ಬೇರೆ ಹ್ಯಾಂಡಲ್ ಹಾಕಿಸಿಕೊಂಡು ಬಂದ ಹಾಗಲ್ಲ ಇದು. ವಿಮಾನದಲ್ಲಿ ಒಂದನ್ನು ಮುಟ್ಟಿದರೆ ಇನ್ನೊಂದು ಕದಲುತ್ತದೆ.

ಲೆಕ್ಕ ಹಾಕಿ ನೋಡಿ. 750 ಕೆಜಿಯ ವಿಮಾನಕ್ಕೆ 20 ಕೆಜಿ ಜಾಸ್ತಿ ತೂಕದ ಇಂಜಿನ್ ಹಾಕಿದಿರಿ, ಅದು ತೂಕದ ಮಧ್ಯಬಿಂದುವಿಗಿಂತ ಒಂದು ಮೀಟರ್ ಮುಂದಿದೆ ಅಂದುಕೊಳ್ಳಿ. ಮಧ್ಯಬಿಂದು ಎರಡೂವರೆ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಮುಂದೆ ಸರಿಯುತ್ತದೆ. ಅಷ್ಟೇನಾ ಅನ್ನಿಸಬಹುದು. ಆದರೆ ಇಂಥ ವಿಮಾನಗಳಲ್ಲಿ ಮಧ್ಯಬಿಂದು ಓಡಾಡಬಹುದಾದ ಒಟ್ಟು ಜಾಗವೇ ಸುಮಾರು 20 ಸೆಂಟಿಮೀಟರ್. ಪೈಲಟ್, ಪಕ್ಕದವರು, ಪೆಟ್ರೋಲು, ಬ್ಯಾಗು ಎಲ್ಲ ಅದರೊಳಗೇ ಹೊಂದಬೇಕು. ಮೂಗು ಭಾರವಾಯಿತು ಅಂತ ಬ್ಯಾಟರಿಯನ್ನು ಬಾಲದ ಕಡೆಗೆ ಸಾಗಿಸುತ್ತಾರೆ. ಖಾಲಿ ವಿಮಾನ ತೂಗಿದಾಗ ಎಲ್ಲ ಸರಿ ಕಾಣುತ್ತದೆ. ಆಮೇಲೆ ಒಂದು ದಿನ ಇಬ್ಬರು ದಪ್ಪನೆಯವರು, ಹಿಂದೆ ಎರಡು ಸೂಟ್‌ಕೇಸು. ಹಾರುತ್ತಾ ಪೆಟ್ರೋಲು ಖಾಲಿಯಾದ ಹಾಗೆ ಎಷ್ಟೋ ಮಾದರಿಗಳಲ್ಲಿ ಮಧ್ಯಬಿಂದು ಇನ್ನಷ್ಟು ಹಿಂದೆ ಹೋಗುತ್ತದೆ. ಹಿಂದೆ ಹೋದಷ್ಟೂ ಮೂಗು ತಾನಾಗಿ ಕೆಳಗಿಳಿಯುವ ಗುಣ ಕಡಿಮೆಯಾಗುತ್ತದೆ. ಸ್ಟಾಲ್ ಆದರೆ ಸುಧಾರಿಸಿಕೊಳ್ಳೋದು ಕಷ್ಟ.

ದೊಡ್ಡ ಇಂಜಿನ್ ಇನ್ನೊಂದು ಆಸೆ ಹುಟ್ಟಿಸುತ್ತದೆ, ವೇಗದ್ದು. ಪ್ರತಿ ವಿಮಾನಕ್ಕೂ ದಾಟಬಾರದ ವೇಗ ಅಂತ ಒಂದಿರುತ್ತದೆ. ಆರ್‌ವಿ-7ಕ್ಕೆ ಅದು ಗಂಟೆಗೆ 230 ಮೈಲಿ. ಅದನ್ನು ನಿರ್ಧರಿಸೋದು ಇಂಜಿನ್ನಿನ ಶಕ್ತಿಯಲ್ಲ, ಫ್ಲಟರ್. ಒಂದು ವೇಗ ದಾಟಿದ ಮೇಲೆ ರೆಕ್ಕೆ ಬಾಲಗಳ ಅಲುಗುವ ಭಾಗಗಳು ತಾವಾಗಿ ಪಟಪಟ ನಡುಗಲು ಶುರುವಾಗಿ, ಕೆಲವೇ ಕ್ಷಣದಲ್ಲಿ ಮುರಿದುಹೋಗಬಹುದು. ಇದು ಮೀಟರ್ ತೋರಿಸುವ ವೇಗಕ್ಕಿಂತ ಗಾಳಿಯೊಳಗಿನ ನಿಜವಾದ ವೇಗಕ್ಕೆ ಸಂಬಂಧಿಸಿದ್ದು. ಮೇಲೆ ಹೋದ ಹಾಗೆ ಗಾಳಿ ತೆಳುವಾಗಿ ಇವೆರಡರ ಅಂತರ ಹೆಚ್ಚುತ್ತದೆ. ಟರ್ಬೊ ಹಾಕಿಕೊಂಡು 18,000 ಅಡಿಗೆ ಏರಿದವರ ಮೀಟರು ‘ಇನ್ನೂ ಬೇಕಾದಷ್ಟು ಬಾಕಿ ಇದೆ’ ಅಂತ ತೋರಿಸುತ್ತಿರುತ್ತದೆ, ನಿಜವಾಗಿ ಗೆರೆ ದಾಟಿ ಆಗಿರುತ್ತದೆ. ಬರೀ ಬಣ್ಣ ಬಳಿದರೂ ಅಷ್ಟೇ. ಬಾಲದ ಎಲಿವೇಟರ್, ರೆಕ್ಕೆಯ ಏಲೆರಾನ್ ಅನ್ನುವ ಆ ಅಲುಗುವ ಭಾಗಗಳನ್ನು ಕೀಲಿನ ಮುಂದೆ ತೂಕ ಇಟ್ಟು ಸರಿತೂಗಿಸಿರುತ್ತಾರೆ. ಕೀಲಿನ ಹಿಂದೆ ಎರಡು ಕೋಟ್ ಬಣ್ಣ ಏರಿದರೆ ಆ ತೂಗು ತಪ್ಪುತ್ತದೆ, ಮತ್ತೆ ತೂಗಿಸಬೇಕು. ಬಣ್ಣ ಬಳಿಸಿದವರಿಗೆ ಇದು ಗೊತ್ತಿರುತ್ತಾ ಅನ್ನೋದೇ ಪ್ರಶ್ನೆ.

ಈಗ ಈ ವಿಷಯದಲ್ಲಿ ಎಲ್ಲರೂ ಓದಲೇಬೇಕಾದ ಅಪಘಾತಕ್ಕೆ ಬರೋಣ.

1997ರ ಅಕ್ಟೋಬರ್ 12. ಅಮೆರಿಕದ ಹೆಸರಾಂತ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೇಯಿಂದ ಹಾರಿ, ಸ್ವಲ್ಪ ಹೊತ್ತಿನಲ್ಲೇ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಅವರು ಹೊಸಬರಲ್ಲ, 2,700 ಗಂಟೆಗೂ ಜಾಸ್ತಿ ಹಾರಿದ್ದವರು. ವಿಮಾನ ಲಾಂಗ್ ಈಝಿ, ಬರ್ಟ್ ರುಟಾನ್ ವಿನ್ಯಾಸ. ಫೋಮ್ ಮತ್ತು ಗಾಜಿನ ನಾರಿನಿಂದ ಕಟ್ಟುವ, ಪ್ರೊಪೆಲ್ಲರ್ ಹಿಂದಿರುವ, ಮೂಗಿನ ಹತ್ತಿರ ಪುಟ್ಟ ರೆಕ್ಕೆ ಇರುವ ಚಂದದ ವಿಮಾನ. ಡೆನ್ವರ್ ಕಟ್ಟಿದ್ದಲ್ಲ, ಬೇರೊಬ್ಬರು ಕಟ್ಟಿದ್ದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು.

ಲಾಂಗ್ ಈಝಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಟ್ಯಾಂಕ್. ಯಾವ ಟ್ಯಾಂಕಿನಿಂದ ಪೆಟ್ರೋಲು ಬರಬೇಕು ಅನ್ನೋದನ್ನು ಪೈಲಟ್ ಒಂದು ವಾಲ್ವ್ ತಿರುಗಿಸಿ ಆರಿಸಬೇಕು. ರುಟಾನ್ ನಕ್ಷೆಯಲ್ಲಿ ಅದು ಪೈಲಟ್‌ನ ಮುಂದೆ, ಕಾಲುಗಳ ನಡುವೆ ಕೈಗೆ ಸಿಗುವ ಹಾಗಿತ್ತು. ಕಟ್ಟಿದವರಿಗೆ ಪೆಟ್ರೋಲಿನ ಪೈಪು ಕಾಕ್‌ಪಿಟ್ ಒಳಗೆ ಬರೋದು ಇಷ್ಟವಿರಲಿಲ್ಲ. ಬೆಂಕಿಯ ಭಯ, ತಪ್ಪು ಯೋಚನೆಯೇನಲ್ಲ. ಹಾಗಾಗಿ ವಾಲ್ವನ್ನು ಹಿಂದಕ್ಕೆ ಸಾಗಿಸಿ, ಅದರ ಹಿಡಿಯನ್ನು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟರು. ಹಿಡಿಯ ಮೇಲೆ ಎಡ, ಬಲ ಅಂತ ಗುರುತಿರಲಿಲ್ಲ. ಪೆಟ್ರೋಲು ಎಷ್ಟಿದೆ ಅಂತ ನೋಡುವ ಗಾಜಿನ ಮೇಲೂ ಗುರುತಿರಲಿಲ್ಲ, ಅದು ಇದ್ದದ್ದು ಹಿಂದಿನ ಸೀಟಿನ ಹತ್ತಿರ.

ಆ ಹಿಡಿ ತಿರುಗಿಸಬೇಕಾದರೆ ಪೈಲಟ್ ಕಂಟ್ರೋಲ್ ಬಿಟ್ಟು ಮೈ ಹಿಂದಕ್ಕೆ ಹೊರಳಿಸಬೇಕು. ಹಾಗೆ ಹೊರಳುವಾಗ ಆಧಾರಕ್ಕೆ ಬಲಗಾಲು ಒತ್ತುತ್ತದೆ, ಆ ಕಾಲಡಿ ಇರೋದು ವಿಮಾನದ ಮೂಗನ್ನು ಬಲಕ್ಕೆ ತಿರುಗಿಸುವ ಬಲ ರಡರ್ ಪೆಡಲ್. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಕಂಡುಕೊಂಡದ್ದು ಇದನ್ನೇ. ವಾಲ್ವ್ ತಿರುಗಿಸುವ ಪ್ರಯತ್ನದಲ್ಲಿ ಗಮನ ಬೇರೆ ಕಡೆ ಹೋಗಿ, ಗೊತ್ತಿಲ್ಲದೆ ಬಲ ರಡರ್ ಒತ್ತಿ, ವಿಮಾನದ ಹಿಡಿತ ತಪ್ಪಿತು ಅಂತ. ವಾಲ್ವ್ ಇದ್ದ ಜಾಗ, ಗುರುತುಗಳಿಲ್ಲದ್ದು, ಈ ಮಾದರಿಯಲ್ಲಿ ಸಾಕಷ್ಟು ತರಬೇತಿ ಇಲ್ಲದ್ದು, ಇವನ್ನೂ ಕಾರಣಗಳ ಪಟ್ಟಿಯಲ್ಲಿ ಸೇರಿಸಿದರು. ಹಾರುವ ಮುಂಚೆ ಈ ಹಿಡಿಯ ತೊಂದರೆ ಬಗ್ಗೆ ಅಲ್ಲಿದ್ದ ಒಬ್ಬ ತಂತ್ರಜ್ಞರ ಜೊತೆ ಡೆನ್ವರ್ ಮಾತಾಡಿದ್ದರು. ಇಕ್ಕಳ ಹಾಕಿ ಹಿಡಿ ಉದ್ದ ಮಾಡಬಹುದಾ ಅಂತಲೂ ಇಬ್ಬರೂ ನೋಡಿದ್ದರು, ಅದು ಸರಿಯಾಗಲಿಲ್ಲ. ಬೇಕಾದರೆ ಆಟೋಪೈಲಟ್ ಹಾಕಿಕೊಂಡು ತಿರುಗಿಸ್ತೀನಿ ಅಂದಿದ್ದರಂತೆ. ಪೆಟ್ರೋಲು ತುಂಬಿಸಿಕೊಳ್ಳಲಿಲ್ಲ.

ಈ ಘಟನೆಯನ್ನು ‘ಹೋಮ್‌ಬಿಲ್ಟ್ ಅಂದರೆ ಅಪಾಯ’ ಅನ್ನೋಕೆ ಉದಾಹರಣೆಯಾಗಿ ಬಳಸುತ್ತಾರೆ. ನನಗೆ ಹಾಗೆ ಕಾಣಲ್ಲ. ರೆಕ್ಕೆ ಮುರಿಯಲಿಲ್ಲ, ಅಂಟು ಬಿಡಲಿಲ್ಲ, ಕಟ್ಟೋಣ ಗಟ್ಟಿಯಾಗಿಯೇ ಇತ್ತು. ಕಟ್ಟಿದವರಿಗೆ ಆ ಹಿಡಿ ಎಲ್ಲಿದೆ, ಯಾವ ಕಡೆ ತಿರುಗಿಸಿದರೆ ಯಾವ ಟ್ಯಾಂಕ್ ಅನ್ನೋದು ಕಣ್ಣು ಮುಚ್ಚಿದರೂ ಗೊತ್ತಿತ್ತು, ತಾವೇ ಇಟ್ಟದ್ದು ತಾನೆ. ಆ ತಿಳಿವಳಿಕೆ ವಿಮಾನದ ಜೊತೆ ಮಾರಾಟವಾಗಲಿಲ್ಲ.

ಅಂಕಿ ಅಂಶವೂ ಅದನ್ನೇ ತೋರಿಸುತ್ತದೆ. ಎನ್‌ಟಿಎಸ್‌ಬಿ 2011ರಲ್ಲಿ ಆದ 224 ಹೋಮ್‌ಬಿಲ್ಟ್ ಅಪಘಾತಗಳನ್ನು ಒಂದೊಂದಾಗಿ ನೋಡಿ 2012ರಲ್ಲಿ ವರದಿ ಕೊಟ್ಟಿತು. ಅಮೆರಿಕದ ಖಾಸಗಿ ಸಣ್ಣ ವಿಮಾನಗಳಲ್ಲಿ ಹೋಮ್‌ಬಿಲ್ಟ್‌ಗಳು ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಸಾವು ಸಂಭವಿಸಿದ ಅಪಘಾತಗಳಲ್ಲಿ ಮಾತ್ರ ಅವುಗಳ ಪಾಲು ಸುಮಾರು 21 ಪರ್ಸೆಂಟ್. ಮುಖ್ಯ ಕಾರಣಗಳು ಎರಡು, ಇಂಜಿನ್ ಕೈಕೊಡೋದು ಮತ್ತು ಹಾರಾಟದಲ್ಲಿ ಹಿಡಿತ ತಪ್ಪೋದು. ನನಗೆ ಕಣ್ಣಿಗೆ ಹೊಡೆದದ್ದು ಬೇರೆ ಒಂದು ಸಾಲು. ಅಪಘಾತವಾದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೆಕೆಂಡ್ ಹ್ಯಾಂಡ್ ಆಗಿ ಕೊಂಡವು. 14 ಅಪಘಾತಗಳು ಹೊಸ ಮಾಲೀಕರ ಮೊದಲ ಹಾರಾಟದಲ್ಲೇ ಆದವು. ಹೊಚ್ಚ ಹೊಸ ವಿಮಾನದ ಮೊಟ್ಟಮೊದಲ ಹಾರಾಟದಲ್ಲಿ ಆದವು ಹತ್ತು ಮಾತ್ರ. ಯಾರೂ ಹಾರಿಸದ ವಿಮಾನವನ್ನು ಮೊದಲ ಸಲ ಮೇಲೆತ್ತೋದಕ್ಕಿಂತ, ವರ್ಷಗಟ್ಟಲೆ ಚೆನ್ನಾಗಿ ಹಾರಿದ ವಿಮಾನವನ್ನು ಕೊಂಡು ಮನೆಗೆ ತರೋದರಲ್ಲೇ ಜಾಸ್ತಿ ಅಪಘಾತ!

ಕಾರಣ ಊಹಿಸೋದು ಕಷ್ಟವಲ್ಲ. ಕಟ್ಟಿದವರು ಮೊದಲ ಹಾರಾಟಕ್ಕೆ ಹೆದರಿಕೊಂಡೇ ಹೋಗುತ್ತಾರೆ. ನಿಯಮವೂ ಇದೆ: ಒಪ್ಪಿಗೆ ಪಡೆದ ಇಂಜಿನ್, ಪ್ರೊಪೆಲ್ಲರ್ ಜೋಡಿ ಇದ್ದರೆ 25 ಗಂಟೆ, ಇಲ್ಲದಿದ್ದರೆ 40 ಗಂಟೆ, ಜನವಸತಿ ಇಲ್ಲದ ಗೊತ್ತುಮಾಡಿದ ಪ್ರದೇಶದಲ್ಲಿ ಪರೀಕ್ಷಾ ಹಾರಾಟ ಮಾಡಬೇಕು. ಗಂಟೆ ಲೆಕ್ಕದ ಬದಲು ಪರೀಕ್ಷೆಗಳ ಪಟ್ಟಿ ಮುಗಿಸುವ ದಾರಿಯೂ ಈಚೆಗೆ ಬಂದಿದೆ. ಇಂಜಿನ್ನಿಗೆ ಪೆಟ್ರೋಲು ಸರಿಯಾಗಿ ಹರಿಯುತ್ತಾ ಅಂತ ನೆಲದಲ್ಲೇ ಅಳೆಯಲು ಎಫ್‌ಎಎ ಕೈಪಿಡಿ ಹೇಳುತ್ತದೆ. ಟ್ಯಾಂಕ್ ಮೇಲಿದ್ದು ತಾನಾಗಿ ಇಳಿದು ಬರುವುದಾದರೆ ಮೇಲೇರುವಾಗ ಬೇಕಾಗುವುದರ ಒಂದೂವರೆ ಪಟ್ಟು, ಪಂಪ್ ಇದ್ದರೆ ಒಂದೂಕಾಲು ಪಟ್ಟು ಹರಿಯಬೇಕು. ಎರಡನೇ ಮಾಲೀಕರ ಮೇಲೆ ಇಂಥ ಯಾವ ಒತ್ತಾಯವೂ ಇಲ್ಲ. ಲಾಗ್‌ಬುಕ್ಕಿನಲ್ಲಿ 300 ಗಂಟೆ ಇದೆ, ಎಲ್ಲ ಸರಿ ಇರಲೇಬೇಕು ಅಂದುಕೊಂಡು ಹತ್ತುತ್ತಾರೆ.

ಇನ್ನು ಹಾರುತ್ತಿರುವ ವಿಮಾನಕ್ಕೆ ದೊಡ್ಡ ಬದಲಾವಣೆ ಮಾಡಿದರೆ? ಎಫ್‌ಎಎಗೆ ತಿಳಿಸಿ ಮತ್ತೆ ಪರೀಕ್ಷಾ ಹಾರಾಟಕ್ಕೆ ಹೋಗಬೇಕು, ಕನಿಷ್ಠ ಐದು ಗಂಟೆ. ಯಾವುದು ‘ದೊಡ್ಡದು’ ಅನ್ನೋದನ್ನು ಹೆಚ್ಚಿನ ಸಲ ತೀರ್ಮಾನಿಸೋದು ಬದಲಿಸಿದವರೇ. ಬೇರೆ ಇಂಜಿನ್ ಅಂದರೆ ದೊಡ್ಡದು ಅಂತ ಎಲ್ಲರೂ ಒಪ್ಪುತ್ತಾರೆ. ಪೆಟ್ರೋಲ್ ಪೈಪನ್ನು ಬಿಸಿ ಎಗ್ಸಾಸ್ಟ್ ಪಕ್ಕದಿಂದ ಹಾಯಿಸಿದ್ದು? ಒಂದು ವಾಲ್ವನ್ನು ಅರ್ಧ ಮೀಟರ್ ಹಿಂದಕ್ಕೆ ಇಟ್ಟದ್ದು?

ಬದಲಾವಣೆ ಮಾಡೋಕೆ ಸರಿಯಾದ ರೀತಿ ಇಲ್ಲವೇ ಅಂದರೆ ಇದೆ, ಅದೂ ಲಾಂಗ್ ಈಝಿಯಲ್ಲೇ ಇದೆ. ಅದರ ಮುಂದಿನ ಪುಟ್ಟ ರೆಕ್ಕೆಗೆ ಮೊದಲು ಬಳಸಿದ್ದ ಆಕಾರ ಮಳೆಯಲ್ಲಿ ನೆನೆದರೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತಿತ್ತು, ಮೂಗು ಕೆಳಗಿಳಿಯುತ್ತಿತ್ತು. ಜನ ತಮ್ಮ ತಮ್ಮ ಅನುಭವ ಹೇಳಿಕೊಂಡರು. ಜಾನ್ ರಾಂಝ್ ಅನ್ನುವ ವಿನ್ಯಾಸಕ ಮಳೆಗೆ ಜಗ್ಗದ ಹೊಸ ಆಕಾರ ಮಾಡಿಕೊಟ್ಟರು. ಪರೀಕ್ಷೆಯಾಗಿ, ನಕ್ಷೆಯಾಗಿ ಅದು ಎಲ್ಲರಿಗೂ ಸಿಕ್ಕಿತು. ಒಂದು ಬದಲಾವಣೆ ಗ್ಯಾರೇಜಿನಿಂದ ಹೊರಬಂದು ಹತ್ತಾರು ಜನರ ಕಣ್ಣಿಗೆ ಬಿದ್ದು ವಾಪಸ್ ಹೋಯಿತು.

ಬ್ರಿಟನ್ನಿನವರು ಇದನ್ನೇ ನಿಯಮ ಮಾಡಿಕೊಂಡಿದ್ದಾರೆ. ಅಲ್ಲಿ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಅಂತ ಇದೆ. ಇದು ಹವ್ಯಾಸಿಗಳದೇ ಸಂಘ, ಆದರೆ ಸರ್ಕಾರದಿಂದ ಅಧಿಕಾರ ಪಡೆದಿದೆ. ಅದರ ಇನ್ಸ್‌ಪೆಕ್ಟರುಗಳು ಕಟ್ಟುವ ಹಂತ ಹಂತದಲ್ಲೂ, ರೆಕ್ಕೆ ಮುಚ್ಚುವ ಮುಂಚೆಯೇ ಬಂದು ನೋಡುತ್ತಾರೆ. ನಕ್ಷೆ ಬಿಟ್ಟು ಬದಲಿಸಬೇಕೆಂದರೆ ಸಂಘದ ಇಂಜಿನಿಯರುಗಳಿಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು, ಅದು ದಾಖಲೆಯಲ್ಲಿ ಉಳಿಯುತ್ತದೆ. ಎಷ್ಟೋ ಜನ ಇದಕ್ಕೆ ಗೊಣಗುತ್ತಾರೆ. ಒಂದು ಸಣ್ಣ ಬ್ರಾಕೆಟ್ಟಿಗೂ ತಿಂಗಳುಗಟ್ಟಲೆ ಕಾಯಬೇಕಾ ಅಂತ. ಗೊಣಗಾಟ ನ್ಯಾಯವೇ. ಆದರೆ ಎರಡನೇ ಮಾಲೀಕರ ಕಡೆಯಿಂದ ನೋಡಿದರೆ, ತಾನು ಕೊಳ್ಳುವ ವಿಮಾನ ನಕ್ಷೆಗಿಂತ ಎಲ್ಲೆಲ್ಲಿ ಬೇರೆಯಾಗಿದೆ ಅನ್ನೋ ಪಟ್ಟಿ ಕೈಗೆ ಸಿಗುತ್ತದೆ. ಅಮೆರಿಕದಲ್ಲಿ ಈ ಪಟ್ಟಿ ಸಿಗೋದು ಕಟ್ಟಿದವರ ಒಳ್ಳೇತನದಿಂದ.

ಅಮೆರಿಕದಲ್ಲಿರುವ ನಮ್ಮವರಲ್ಲಿ ಯಾರಾದರೂ ಮೊಸಾಯಿಕ್ ಬಂತು ಅಂತ ಹಳೇ ಆರ್‌ವಿ ಹುಡುಕುತ್ತಿದ್ದರೆ ಅವರಿಗೆ ಸುಮ್ನೆ ಒಂದೆರಡು ಮಾತು. ಬಣ್ಣ, ಪರದೆ ನೋಡಿ ಮರುಳಾಗಬೇಡಿ. ಅದೇ ಮಾದರಿ ಕಟ್ಟಿ ಅನುಭವ ಇರುವವರನ್ನು ಕರೆದುಕೊಂಡು ಹೋಗಿ, ನಕ್ಷೆ ಕೈಯಲ್ಲಿ ಹಿಡಿದು ಇಂಧನದ ಪೈಪನ್ನು ಟ್ಯಾಂಕಿನಿಂದ ಇಂಜಿನ್ನಿನವರೆಗೆ ಬೆರಳಿಟ್ಟು ನೋಡಿಸಿ. ಹಳೇ ತೂಕದ ಹಾಳೆ ನಂಬಬೇಡಿ, ಮತ್ತೆ ತೂಗಿಸಿ. ಬೆಲ್ಟ್ ಬಿಗಿದು ಕೂತು ಪ್ರತಿ ಸ್ವಿಚ್ಚು, ಪ್ರತಿ ವಾಲ್ವ್ ಕೈಗೆ ಎಟಕುತ್ತಾ ನೋಡಿ. ಕಟ್ಟಿದವರು ಬದುಕಿದ್ದರೆ ಅವರಿಗೆ ಫೋನ್ ಮಾಡಿ, ನಕ್ಷೆ ಬಿಟ್ಟು ಏನೇನು ಮಾಡಿದಿರಿ ಅಂತ ನೇರವಾಗಿ ಕೇಳಿ. ಹೆಚ್ಚಿನವರು ಖುಷಿಯಿಂದ ಗಂಟೆಗಟ್ಟಲೆ ಹೇಳುತ್ತಾರೆ. 20 ಗಂಟೆಯ ತರಬೇತಿ ಕಾನೂನಿಗೆ ಸಾಕಾಗಬಹುದು, ಗಂಟೆಗೆ 200 ಮೈಲಿ ಹೋಗುವ ವಿಮಾನಕ್ಕೆ ಸಾಲದು. ಆ ಮಾದರಿಯಲ್ಲೇ ಕಲಿಸುವ ಶಿಕ್ಷಕರ ಜೊತೆ ಹಾರಿ.

ನಮ್ಮಲ್ಲಿ ಏನು ಕಥೆ? ಅದು ಸ್ವಲ್ಪ ವಿಚಿತ್ರ. ಬೆಂಗಳೂರಿಗೂ ಈ ಹವ್ಯಾಸಕ್ಕೂ ಹಳೇ ನಂಟಿದೆ. 1980ರ ದಶಕದಲ್ಲಿ ಇಲ್ಲಿನ ಸರ್ಕಾರಿ ವಿಮಾನ ಸಂಶೋಧನಾಲಯ ಎನ್‌ಎಎಲ್ ಇದೇ ರುಟಾನ್‌ನ ಲಾಂಗ್ ಈಝಿಯನ್ನು ಆಧಾರವಾಗಿಟ್ಟುಕೊಂಡು ಒಂದು ವಿಮಾನ ಕಟ್ಟಿ ಹಾರಿಸಿತು. ಎಲ್‌ಸಿಆರ್‌ಎ ಅಂತ ಹೆಸರು. ಗಾಜಿನ ನಾರಿನ ಕೆಲಸ ಕೈಗೆ ಹತ್ತಲಿ ಅನ್ನೋದು ಉದ್ದೇಶ. 1993ರಲ್ಲಿ ಹಾರಿದ ಹಂಸ ತರಬೇತಿ ವಿಮಾನಕ್ಕೆ ಆ ಅನುಭವ ಕೂಡಿಬಂತು. ಅಂದರೆ ಅಮೆರಿಕದ ಗ್ಯಾರೇಜು ಹವ್ಯಾಸಿಗಳಿಗಾಗಿ ಬರೆದ ನಕ್ಷೆಯಿಂದ ನಮ್ಮ ಸರ್ಕಾರಿ ಪ್ರಯೋಗಾಲಯ ಪಾಠ ಕಲಿತಿದೆ. ಇನ್ನೊಂದು, ರಾಜ್ ಹಂಸ ಅಲ್ಟ್ರಾಲೈಟ್ಸ್. ಫ್ರಾನ್ಸ್ ಮೂಲದ ಜೋಯೆಲ್ ಕೊಶ್ಲ್ಯಾಂ ಶುರು ಮಾಡಿದ, ಬೆಂಗಳೂರಿನ ಕಂಪನಿ. ಅವರ ಎಕ್ಸ್-ಏರ್ ಕಿಟ್‌ಗಳು ಬ್ರಿಟನ್, ಫ್ರಾನ್ಸ್ ಮುಂತಾದ ಕಡೆ ಹೋಗಿ ಅಲ್ಲಿನ ಹವ್ಯಾಸಿಗಳ ಕೈಯಲ್ಲಿ ಜೋಡಣೆಯಾಗಿ ಹಾರಿವೆ. ಬೆಂಗಳೂರಿನಲ್ಲಿ ತಯಾರಾದ ಕಿಟ್ ಇಂಗ್ಲೆಂಡಿನ ಮನೆಯ ಶೆಡ್ಡಿನಲ್ಲಿ ವಿಮಾನವಾಗುತ್ತದೆ!

ಇಲ್ಲೇ ಒಬ್ಬರು ತಾವೇ ಕಟ್ಟಿ ಹಾರಿಸ್ತೀನಿ ಅಂದರೆ ಏನಾಗುತ್ತದೆ ಅನ್ನೋದಕ್ಕೆ ಮುಂಬೈನ ಪೈಲಟ್ ಅಮೋಲ್ ಯಾದವ್ ಅವರ ಅನುಭವ ಸಾಕು. ಕಾಂದಿವಲಿಯಲ್ಲಿ ತಮ್ಮ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಅದನ್ನು ನೋಡಿ ಎಲ್ಲರೂ ಬೆನ್ನು ತಟ್ಟಿದರು. ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯಿಂದ ನೋಂದಣಿ ಸಿಕ್ಕಿದ್ದು 2017ರ ನವೆಂಬರಿನಲ್ಲಿ, ಹಾರಿಸುವ ಅನುಮತಿ ಸಿಕ್ಕಿದ್ದು 2019ರಲ್ಲಿ, ಅದೂ ಮುಖ್ಯಮಂತ್ರಿ, ಪ್ರಧಾನಿಯವರೆಗೆ ವಿಷಯ ಹೋದ ಮೇಲೆ. ಛಲ ಇದ್ದ ಒಬ್ಬರಿಗೆ ಹೀಗೆ ದಾರಿ ಸಿಕ್ಕಿತು. ಅದೇ ದಾರಿಯಲ್ಲಿ ಸಾಮಾನ್ಯ ಹವ್ಯಾಸಿ ಹೋಗೋಕಾಗುತ್ತಾ?

ನನ್ನ ಅಭಿಪ್ರಾಯ ಕೇಳಿದರೆ, ನಮಗೆ ಅಮೆರಿಕದ ‘ನಿನ್ನ ವಿಮಾನ, ನಿನ್ನ ಜವಾಬ್ದಾರಿ’ ಪದ್ಧತಿ ಒಗ್ಗಲ್ಲ. ಅಲ್ಲಿ ಖಾಲಿ ಜಾಗ ಇದೆ, ಊರೂರಿಗೆ ಸಣ್ಣ ಏರ್‌ಫೀಲ್ಡ್ ಇದೆ, ಕೇಳಿದರೆ ಹೇಳಿಕೊಡುವ ಹಿರಿಯರಿದ್ದಾರೆ. ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡ್ ಸುತ್ತ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ, 40 ಗಂಟೆ ಪರೀಕ್ಷಾ ಹಾರಾಟ ಅಲ್ಲಿ ಮಾಡ್ತೀನಿ ಅಂದರೆ ಸುತ್ತಲಿನವರು ಒಪ್ಪಲ್ಲ, ಒಪ್ಪಲೂಬಾರದು. ಬ್ರಿಟನ್ ಮಾದರಿ ನಮಗೆ ಹತ್ತಿರ. ಎಚ್‌ಎಎಲ್, ಎನ್‌ಎಎಲ್‌ನಿಂದ ನಿವೃತ್ತರಾದ, ರಿವೆಟ್ ನೋಡಿದ ಕೂಡಲೇ ಸರಿ ತಪ್ಪು ಹೇಳಬಲ್ಲ ಜನ ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಅಂಥವರನ್ನು ಇನ್ಸ್‌ಪೆಕ್ಟರ್ ಮಾಡಿ, ಹಂತ ಹಂತಕ್ಕೆ ಸಹಿ, ಪ್ರತಿ ಬದಲಾವಣೆಗೆ ಕಡತ, ಪರೀಕ್ಷಾ ಹಾರಾಟಕ್ಕೆ ಊರಾಚೆಯ ಖಾಲಿ ರನ್‌ವೇ ಅಂತ ಗೊತ್ತುಮಾಡಬಹುದು. ವಿಮೆ ಯಾರು ಕೊಡುತ್ತಾರೆ, ಸಹಿ ಹಾಕಿದ ಇನ್ಸ್‌ಪೆಕ್ಟರ್ ಮೇಲೆ ನಾಳೆ ಕೇಸ್ ಬಿದ್ದರೆ ಯಾರು ನಿಲ್ಲುತ್ತಾರೆ ಅನ್ನೋ ಎರಡು ಗಂಟುಗಳು ಮಾತ್ರ ಉಳಿಯುತ್ತವೆ. ಅವನ್ನು ಬಿಡಿಸಬೇಕಾದವರು ದೆಹಲಿಯಲ್ಲಿದ್ದಾರೆ, ಮತ್ತು ಈ ವಿಷಯದಲ್ಲಿ ಅವರಿಗೆ ಯಾವ ಅವಸರವೂ ಇದ್ದಂತೆ ಕಾಣಲ್ಲ.